ಜೋವಾ ಹವಳದ ಕಲರ್ ಹೋಗ್ತಿದೆ, ತೊಂದ್ರೆ ಲೈಟಿಂದಾ ನೀರಿಂದಾ?

ಕೆಂಗೇರಿ_ಟ್ಯಾಂಕ್:
ಎಲ್ರಿಗೂ ನಮಸ್ಕಾರ. ಎರಡಡಿ ಉಪ್ಪುನೀರಿನ ಟ್ಯಾಂಕು, 90 ಲೀಟರ್, ಶುರು ಮಾಡಿ ಐದು ತಿಂಗಳಾಯ್ತು. ಎರಡು ಕ್ಲೌನ್ ಮೀನು, ಮೂರು ಥರ ಜೋವಾ (ಹೂವಿನ ಥರ ಅರಳೋ ಮೆತ್ತನೆ ಹವಳ), ನಾಲ್ಕು ಕೆಂಪು ಮಶ್ರೂಮ್ (ಅಣಬೆ ಥರದ ಹವಳ) ಇದೆ. ತಂದಾಗ ಜೋವಾ ಹಸಿರು, ಕಿತ್ತಳೆ ಅಂತ ಹೊಳೀತಿತ್ತು, ಆಮೇಲೆ ನಿಧಾನಕ್ಕೆ ಕಂದು ತಿರುಗ್ತು, ಕಲರ್ ವಾಪಸ್ ಬರ್ಲಿ ಅಂತ ಹೋದ ತಿಂಗಳು 165 ವ್ಯಾಟ್ ಎಲ್‌ಇಡಿ ತಂದು ನೀಲಿ ಬಿಳಿ ಎರಡೂ 80 ಪರ್ಸೆಂಟ್ ಇಟ್ಟು ದಿನಕ್ಕೆ 12 ಗಂಟೆ ಉರಿಸ್ತಿದೀನಿ, ಈಗ ಜೋವಾ ಅರ್ಧಕ್ಕರ್ಧ ಮುಚ್ಕೊಂಡೇ ಇರುತ್ತೆ, ಮಶ್ರೂಮ್ ಮುದುಡಿ ಅಂಗಿ ಗುಂಡಿ ಅಷ್ಟಾಗಿದೆ. ಗ್ರಾವಿಟಿ (ಉಪ್ಪಿನಂಶದ ಅಳತೆ) 1.025, ಟೆಂಪರೇಚರ್ 26, ನೈಟ್ರೇಟ್ 40. ನೀರು ಅಡುಗೆಮನೆ ಆರ್‌ಒದ್ದು. ಮಗಳು ದಿನಾ ಸ್ಕೂಲಿಂದ ಬಂದ ತಕ್ಷಣ ಟ್ಯಾಂಕ್ ಹತ್ರ ಓಡ್ತಾಳೆ, ದಯವಿಟ್ಟು ಯಾರಾದ್ರೂ ಹೇಳಿ.

ನೀಲಿಬೆಳಕು:
ಗುರು, ಮೊದ್ಲು ಲೈಟ್ ಇಳ್ಸಿ, ಇವತ್ತೇ. ಜೋವಾ, ಮಶ್ರೂಮ್‌ಗೆ 50ರಿಂದ 100 ಪಾರ್ (ಹವಳಕ್ಕೆ ಸಿಗೋ ಬೆಳಕಿನ ಅಳತೆ) ಸಾಕು, ಅಷ್ಟು ಚಿಕ್ಕ ಟ್ಯಾಂಕಿಗೆ 80 ಪರ್ಸೆಂಟ್ ತುಂಬಾ ಜಾಸ್ತಿ, ಮಶ್ರೂಮ್ ಮುದುಡಿರೋದು ಅದಕ್ಕೇ ಇರ್ಬೇಕು. ನೀಲಿ 35, ಬಿಳಿ 5, ದಿನಕ್ಕೆ 8 ಗಂಟೆ. ಆಮೇಲೆ ವಾರಕ್ಕೆ 5 ಪರ್ಸೆಂಟ್ ಏರಿಸ್ತಾ ಹೋಗಿ, ಮಶ್ರೂಮ್ ಕೆಳಗೆ ನೆರಳಲ್ಲಿ ಇಡಿ. ಹೊಳೆಯೋ ಬಣ್ಣ ಎದ್ದು ಕಾಣೋದು ನೀಲಿ ಬೆಳಕಲ್ಲೇ, ಬಿಳಿ ಹೆಚ್ಚಿದ್ರೆ ಇರೋ ಬಣ್ಣಾನೂ ಮಂಕಾಗಿ ಕಾಣುತ್ತೆ.

ಆದ್ರೆ ಮೊದ್ಲು ಕಂದು ಆಗಿದ್ದು ಬೇರೆ ಕಥೆ. ಹವಳದ ಮೈಯೊಳಗೆ ಪಾಚಿ ವಾಸ ಮಾಡುತ್ತಲ್ಲ, ಮೀನಿನ ಊಟ, ಗಲೀಜಿಂದ ನೈಟ್ರೇಟ್ ಏರಿ ಬೆಳಕು ಕಮ್ಮಿ ಇದ್ರೆ ಅದು ದಟ್ಟವಾಗಿ ಬೆಳೆದು ಬಣ್ಣ ಮುಚ್ಚಿಬಿಡುತ್ತೆ. ಮೀನಿಗೆ ಊಟ ಕಮ್ಮಿ ಮಾಡಿ, ವಾರಕ್ಕೆ 10 ಲೀಟರ್ ಬದಲಾಯ್ಸಿ, ನೈಟ್ರೇಟ್ 5–10ಕ್ಕೆ ಬರ್ಲಿ. ಸೊನ್ನೆ ಮಾಡೋಕೆ ಹೋಗ್ಬೇಡಿ, ಆಗ ಹಸಿವಿಗೆ ಬಿಳಿಚ್ಕೊಳುತ್ತೆ.

ಮೀನ್‌ಮನೆ_ಮಂಗ್ಳೂರು:
ಒಂದು ಕೇಳ್ತೇನೆ ಮಾರಾಯ್ರೆ, ನಿಮ್ಮ ಆರ್‌ಒ ತಾಮ್ರದ ಕಾರ್ಟ್ರಿಜ್ ಇರುವಂಥದ್ದಾ? ಈಗ ಸುಮಾರು ಮೆಷಿನ್‌ಗಳಲ್ಲಿ ಉಂಟು, ಕುಡಿಯುವವರಿಗೆ ಒಳ್ಳೇದು ಅಂತ ಹಾಕಿರ್ತಾರೆ. ಹವಳ, ಸಿಗಡಿ, ಬಸವನಹುಳಕ್ಕೆ ತಾಮ್ರ ವಿಷ. ನೀರು ಆವಿಯಾಗಿ ಹೋಗ್ತದೆ, ತಾಮ್ರ ಟ್ಯಾಂಕಲ್ಲೇ ಉಳೀತದೆ, ನೀವು ದಿನಾ ಟಾಪ್‌ಅಪ್ ಮಾಡಿದ ಹಾಗೆ ಸೇರ್ತಾ ಹೋಗ್ತದೆ. ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) ಎಷ್ಟು ಬರ್ತದೆ ನೋಡಿ.

ಕೆಂಗೇರಿ_ಟ್ಯಾಂಕ್:
ಈಗ್ತಾನೇ ನೋಡ್ದೆ ಸರ್, ಟಿಡಿಎಸ್ 85, ಮುಂದೆ ಕಾಪರ್ ಅಂತಾನೇ ಬರ್ದಿದೆ!! ಐದು ತಿಂಗಳಿಂದ ಇದೇ ನೀರು ಹಾಕ್ತಿದೀನಿ. ನಿಮ್ ಕಡೆ ಸಮುದ್ರದ ನೀರೇ ತರಿಸ್ಕೊಂಡ್ರೆ ಆಗುತ್ತಾ?

ಮೀನ್‌ಮನೆ_ಮಂಗ್ಳೂರು:
ಬೇಡ. ಮಳೆಗಾಲದಲ್ಲಿ ನೇತ್ರಾವತಿ ನೀರು ಬಂದು ಸೇರಿ ದಡದ ಹತ್ರ ಉಪ್ಪೇ ಇಳಿದಿರ್ತದೆ, ಕೆಸರು ಬೇರೆ. ಮೆಷಿನ್ ನೀರಲ್ಲಿ 85 ಬರುವುದು ರುಚಿಗೆ ಅಂತ ಹಸಿ ನೀರು ಬೆರೆಸುವ ಸ್ಕ್ರೂ ಇರ್ತದಲ್ಲ, ಅದರಿಂದಲೂ ಇರ್ಬಹುದು. ಮೆಂಬ್ರೇನ್ ಆದ ಮೇಲೆ, ತಾಮ್ರದ ಕಾರ್ಟ್ರಿಜ್‌ಗಿಂತ ಮೊದ್ಲೇ ಒಂದು ಟೀ ಜಾಯಿಂಟ್ ಹಾಕಿಸಿ ಪೈಪ್ ತೆಗೀರಿ, ಅದಕ್ಕೆ ಡಿಐ ರೆಸಿನ್ (ಉಳಿದ ಲವಣ ಹೀರುವಂಥದ್ದು) ಡಬ್ಬಿ ಜೋಡಿಸಿ, ಟಿಡಿಎಸ್ ಸೊನ್ನೆ ಬರ್ಬೇಕು. ಟ್ಯಾಂಕಲ್ಲಿ ಈಗ ಇರುವ ತಾಮ್ರಕ್ಕೆ ಕಾಪರ್ ಟೆಸ್ಟ್ ಕಿಟ್‌ನಲ್ಲಿ ನೋಡಿ, ಇದ್ರೆ ತಾಮ್ರ ಹೀರುವ ರೆಸಿನ್ ಫಿಲ್ಟರ್‌ಗೆ ಹಾಕಿ, ಜೊತೆಗೆ ಹೊಸ ನೀರು ಬದಲಾಯಿಸ್ತಾ ಇರಿ.

ಮತ್ತೆ ಕಲರ್‌ಗೋಸ್ಕರ ಗಟ್ಟಿ ಹವಳ ಕೊಡ್ತೇವೆ ಅಂತ ಯಾರಾದ್ರೂ ಬಂದ್ರೆ ದಯವಿಟ್ಟು ತಗೊಳ್ಬೇಡಿ, ಅದು 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿ ಉಂಟು. ಮುರ್ಡೇಶ್ವರದ ಹತ್ರ ನೇತ್ರಾಣಿಯಲ್ಲಿ ಡೈವ್ ಮಾಡುವಾಗ ನೋಡಿದ್ದೇನೆ, ಅದು ಅಲ್ಲೇ ಇರ್ಲಿ.

ಕೆಂಗೇರಿ_ಟ್ಯಾಂಕ್:
ಆರು ವಾರ ಆಯ್ತು, ಅಪ್‌ಡೇಟ್ ಹಾಕ್ತಿದೀನಿ. ಡಿಐ ಹಾಕ್ಸಿದೆ, ಟಿಡಿಎಸ್ 0. ಕಾಪರ್ ಟೆಸ್ಟ್‌ನಲ್ಲಿ ತಿಳಿ ಬಣ್ಣ ಬಂದಿತ್ತು, ಈಗ ಇಲ್ಲ. ನೈಟ್ರೇಟ್ 15, ಲೈಟ್ ನೀಲಿ 45. ಮಶ್ರೂಮ್ ಮೂರು ಅಗಲ ಆಗಿದೆ, ಒಂದು ಕರಗೋಯ್ತು. ಜೋವಾ ನಡುವೆ ಹಸಿರು ಮತ್ತೆ ಕಾಣ್ತಿದೆ, ಕಿತ್ತಳೆ ಇನ್ನೂ ಬಂದಿಲ್ಲ. ಇಬ್ರಿಗೂ ತುಂಬಾ ಥ್ಯಾಂಕ್ಸ್, ಲೈಟ್ ಇನ್ನೂ ಏರಿಸ್ಲಾ ಅಥ್ವಾ ಇಲ್ಲೇ ನಿಲ್ಲಿಸ್ಲಾ?

ನೀಲಿಬೆಳಕು:
ಇಲ್ಲೇ ನಿಲ್ಲಿಸಿ ಗುರು, ಒಂದು ತಿಂಗಳು ಕೈ ಹಾಕ್ಬೇಡಿ.