ವಯಸ್ಸಿಗೆ ನೂರು ಕೂಡಿಸಿದರೆ ಬಿಪಿ?

ದೊಡ್ಡಪ್ಪ: (ಫಾರ್ವರ್ಡ್) ‘ನಿಮ್ಮ ವಯಸ್ಸಿಗೆ 100 ಕೂಡಿಸಿ. ಅದೇ ನಿಮ್ಮ ನಾರ್ಮಲ್ ಬಿಪಿ. ಉಳಿದದ್ದೆಲ್ಲ ಔಷಧ ಕಂಪನಿಗಳ ಆಟ. ಎಲ್ಲರಿಗೂ ಕಳಿಸಿ.’

ದೊಡ್ಡಪ್ಪ: ನನಗೆ 76. ಹಾಗಾದರೆ 176ರವರೆಗೆ ಭಯವಿಲ್ಲ. ಇವತ್ತು ಬಂದದ್ದು 164. ಸೋಮವಾರದಿಂದ ಮಾತ್ರೆ ನಿಲ್ಲಿಸಿದ್ದೇನೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಆರಾಮಾಗಿದ್ದೇನೆ.

ಅಕ್ಕ: ನಿಲ್ಲಿಸಿದ್ದೀರಾ?! ದೊಡ್ಡಪ್ಪ, ಬಿಪಿ ಏರಿದ್ದು ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಈ ನೂರರ ಲೆಕ್ಕ ಅಜ್ಜನ ಕಾಲದ್ದು. ವಯಸ್ಸಾದ ಹಾಗೆ ರಕ್ತನಾಳ ಪೆಡಸಾಗಿ ಮೇಲಿನ ನಂಬರ್ ಏರುತ್ತದೆ, ನಿಜ. ಕೂದಲು ನೆರೆಯುವ ಹಾಗೆ ಇದೂ ಸಹಜ ಅಂದುಕೊಂಡಿದ್ದರು. 1991ರಲ್ಲಿ ಅಮೆರಿಕದ ‘ಶೆಪ್’ ಅಧ್ಯಯನ ಬಂತು. 60 ದಾಟಿದವರು, ಮೇಲಿನದು 160ರ ಮೇಲೆ, ಕೆಳಗಿನದು 90ರ ಒಳಗೆ. ಮಾತ್ರೆ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು 36% ಕಡಿಮೆ. ಕಂಪನಿ ಆಟ ಅಂತೀರಲ್ಲ, ಅದನ್ನು ನಡೆಸಿದ್ದು ಸರ್ಕಾರಿ ಸಂಸ್ಥೆಗಳು. ಮೊದಲು ಕೊಟ್ಟದ್ದೂ ಕ್ಲೋರ್‌ಥಾಲಿಡೋನ್ ಅನ್ನುವ ಹಳೇ ಮಾತ್ರೆ.

ಚಿಕ್ಕಪ್ಪ: 80 ಆದಮೇಲೂ ನುಂಗುತ್ತಲೇ ಇರಬೇಕಾ?

ಅಕ್ಕ: ಅದನ್ನೂ ನೋಡಿದ್ದಾರೆ, 2008ರ ‘ಹೈವೆಟ್’. ಎಲ್ಲರೂ 80 ಆದವರೇ. ಗುರಿ 150/80. ಮಾತ್ರೆ ತೆಗೆದುಕೊಂಡವರಲ್ಲಿ ಸಾವೇ ಸುಮಾರು ಐದನೇ ಒಂದು ಪಾಲು ಕಡಿಮೆಯಾಯಿತು.

ಚಿಕ್ಕಮ್ಮ: ಇರಲಿ ಕಣೇ, ನಮ್ಮಮ್ಮ ಬಿದ್ದದ್ದು ಮರೆತೆಯಾ? ಡೋಸ್ ಏರಿಸಿದ ವಾರವೇ ರಾತ್ರಿ ಬಚ್ಚಲಿಗೆಂದು ಎದ್ದರು, ಸೊಂಟದ ಮೂಳೆ ಮುರಿಯಿತು. ಕೂತಾಗ 130, ನಿಂತರೆ 104. ಅಲ್ಲಿಯವರೆಗೆ ಅವರನ್ನು ಎದ್ದು ನಿಲ್ಲಿಸಿ ಬಿಪಿ ನೋಡಿದವರೇ ಇಲ್ಲ.

ಅಕ್ಕ: ಒಪ್ಪಿದೆ ಚಿಕ್ಕಮ್ಮ. ನಿಂತ 3 ನಿಮಿಷದೊಳಗೆ 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಅವರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ನಾವಾಗಿ ಬಿಡುವುದಲ್ಲ.

ಚಿಕ್ಕಪ್ಪ: 2017ರಲ್ಲಿ ಅಮೆರಿಕದವರು ಹೈ ಬಿಪಿಗೆ 140 ಇದ್ದ ಗೆರೆಯನ್ನು 130 ಮಾಡಿದರು. ರಾತ್ರೋರಾತ್ರಿ ನಾನೂ ರೋಗಿ 😄

ಅಕ್ಕ: 130ಓ 140ಓ ಅಂತ ಡಾಕ್ಟರುಗಳೇ ಜಗಳ ಆಡುತ್ತಾರೆ, ನೀವೂ ಆಡಿ. 176 ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಚಿಕ್ಕಮ್ಮ: ಭಾವ, ಮೊಣಕಾಲಿಗೆ ನೋವಿನ ಮಾತ್ರೆ ನುಂಗುತ್ತಿದ್ದಿರಲ್ಲ? ಐಬುಪ್ರೊಫೆನ್ ಥರದ್ದಾದರೆ ಅದರಿಂದಲೂ ಬಿಪಿ ಏರುತ್ತದೆ.

ದೊಡ್ಡಪ್ಪ: ಅದನ್ನು ಯಾರೂ ಹೇಳಲೇ ಇಲ್ಲ.

ಅಕ್ಕ: ಆ 164 ಹೇಗೆ ನೋಡಿದಿರಿ?

ದೊಡ್ಡಪ್ಪ: ಕಾಫಿ ಕುಡಿಯುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು. ನಿನ್ನ ಚಿಕ್ಕಪ್ಪ ಫೋನಿನಲ್ಲಿದ್ದ.

ಅಕ್ಕ: ಸರಿಹೋಯಿತು! ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. 5 ನಿಮಿಷ ಸುಮ್ನೆ ಕೂರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಮಾತು ಬೇಡ. ಆಮೇಲೆ ನಿಂತೂ ನೋಡಿ.

ದೊಡ್ಡಪ್ಪ: ಕೂತು 152, ನಿಂತು 148. ಡಾಕ್ಟರು ಸಂಜೆ ಬರಲು ಹೇಳಿದ್ದಾರೆ, ನೋವಿನ ಮಾತ್ರೆಯನ್ನೂ ತರಬೇಕಂತೆ. ಈ ಫಾರ್ವರ್ಡ್ ಅಳಿಸುವುದು ಹೇಗೆ?

ಚಿಕ್ಕಪ್ಪ: ಅಳಿಸಿ ಏನು ಪ್ರಯೋಜನ ಅಣ್ಣ, ನಾನು ಆಗಲೇ ಮೂರು ಗುಂಪಿಗೆ ಕಳಿಸಿದ್ದೇನೆ.