ಅಪ್‌ಡೇಟ್: ಕಿವಿಯ ಗುಂಯ್ ಶಬ್ದಕ್ಕೆ ಮಾತ್ರೆ ಇದೆಯಾ ಅಂತ ಕೇಳಿದ್ದೆ

ಎರಡೂ ಕಿವಿಯಲ್ಲಿ ಸದಾ ಗುಂಯ್ ಶಬ್ದ, ಬೀಟಾಹಿಸ್ಟಿನ್ ತಿಂದರೂ ಕಡಿಮೆಯಾಗಿಲ್ಲ, ಬೇರೆ ಮಾತ್ರೆ ಇದೆಯಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಉಡುಪಿಯಲ್ಲೇ ಇನ್ನೊಬ್ಬ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಗ್ರಾಫ್‌ನಲ್ಲಿ ಗೆರೆ 4000 ಹರ್ಟ್ಜ್ ಹತ್ತಿರ ಸೀದಾ ಕೆಳಗೆ ಜಾರಿತ್ತು, ಅಂದರೆ ಅಂಥ ಕೀರಲು ಸದ್ದು ನನಗೆ ಸರಿಯಾಗಿ ಕೇಳಿಸುತ್ತಿಲ್ಲ. ಮಲ್ಪೆಯಲ್ಲಿ ಬೋಟಿನ ಇಂಜಿನ್ ಪಕ್ಕ ವರ್ಷಗಟ್ಟಲೆ ದುಡಿದವರಿಗೆ ಇದು ಮಾಮೂಲಂತೆ.

ಈ ಶಬ್ದವನ್ನೇ ನಿಲ್ಲಿಸುತ್ತದೆ ಅಂತ ಸಾಬೀತಾದ ಮಾತ್ರೆ ಇಲ್ಲ. ಬೀಟಾಹಿಸ್ಟಿನ್ ಮುಖ್ಯವಾಗಿ ಮೆನಿಯರ್ ಅನ್ನುವ ಒಳಕಿವಿಯ ಕಾಯಿಲೆಯ ತಲೆಸುತ್ತಿಗೆ ಕೊಡುವುದು. ನನಗೆ ತಲೆಸುತ್ತೇ ಇಲ್ಲ ಅಲ್ವಾ! ಅದನ್ನು ನಿಲ್ಲಿಸಿದರು. ಕೆಲವರು ಹೇಳಿದ್ದ ಗಿಂಕೊ (ಒಂದು ಗಿಡಮೂಲಿಕೆ), ಜಿಂಕ್ ಎರಡೂ ಬೇಡ ಅಂತ ಅಮೆರಿಕದ ಇಎನ್‌ಟಿ ವೈದ್ಯರ 2014ರ ಮಾರ್ಗಸೂಚಿಯೇ ಹೇಳುತ್ತದೆ. ಸುಮ್ನೆ ದುಡ್ಡು ದಂಡ. ಆಸ್ಪಿರಿನ್ ಡೋಸ್ ಜಾಸ್ತಿಯಾದರೂ ಕಿವಿ ಗುಂಯ್ ಅನ್ನುತ್ತದಂತೆ. ಹಾಗಂತ ಹೃದಯಕ್ಕೆ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಈಗ ಹಿಯರಿಂಗ್ ಏಡ್ ಟ್ರಯಲ್ ನಡೆಯುತ್ತಿದೆ. ಹಾಕಿಕೊಂಡಾಗ ಶಬ್ದದ ಕಡೆ ಗಮನ ಕಡಿಮೆ. ರಾತ್ರಿ ಅದನ್ನು ಮರೆಯೋಕೆ ಫ್ಯಾನಿನ ಸದ್ದೇ ಸಾಕು.

ಒಂದು ಕಿವಿ ದಿಢೀರನೆ ಕೇಳಿಸದಂತಾದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ. ಅದಕ್ಕೆ ಸ್ಟಿರಾಯ್ಡ್ ಬೇಗ ಶುರು ಮಾಡಬೇಕಂತೆ.