ಮಿನಿಮಮ್ 2,000 ಕಟ್ಟಿದ ಮೇಲೂ ಕಾರ್ಡಿನ ಬಿಲ್ಲು ಏರಿದ್ದು ಹೇಗೆ?

ತೋಟದಮನೆ, ಶಿರಸಿ:
ಕೊಳೆ ಔಷಧಿ ಹೊಡೆಯುವ ಪಂಪು, ಪೈಪು ಸೇರಿ ಜೂನ್ 15ಕ್ಕೆ 40,000 ರೂಪಾಯಿ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದು. ಬಿಲ್ಲಾಗಿದ್ದು ಜುಲೈ 10, ಕೊನೇ ದಿನ ಜುಲೈ 30. ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಲೇಬೇಕಾದ ಮೊತ್ತ) 2,000 ಅಂತಿತ್ತು, ಕೊನೇ ದಿನ ಅಷ್ಟೇ ಕಟ್ಟಿದೆ. ಬೇರೆ ಖರೀದಿ ಏನೂ ಇಲ್ಲ. ಆಗಸ್ಟ್ 10ರ ಬಿಲ್ಲು ನೋಡಿದರೆ 41,012! ಬಡ್ಡಿ ತಿಂಗಳಿಗೆ ಶೇ 3.5. ಉಳಿದ 38,000ಕ್ಕೆ 1,330 ಆಗಬೇಕಲ್ಲ? ಅಡಿಕೆ ಮಾರುವವರೆಗೆ ಮಿನಿಮಮ್ ಕಟ್ಟುತ್ತ ಹೋದರೆ ಆಗದಾ?

ಲೆಕ್ಕದ ಪುಸ್ತಕ, ಕುಮಟಾ:
ಬಿಲ್ಲು ಸರಿಯಾಗಿಯೇ ಇದೆ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದು. ಬಡ್ಡಿ ಶುರುವಾಗುವುದು ಜುಲೈ 30ರಿಂದ ಅಲ್ಲ, ಪಂಪು ತಂದ ಜೂನ್ 15ರಿಂದ, ಅದೂ ಪೂರ್ತಿ 40,000ಕ್ಕೆ.

ತಿಂಗಳಿಗೆ 3.5 ಅಂದರೆ ವರ್ಷಕ್ಕೆ 42. ಜುಲೈ 30ರವರೆಗಿನ 45 ದಿನಕ್ಕೆ 40,000 × 0.42 × 45 ÷ 365 = 2,071. ಆಮೇಲೆ 38,000ಕ್ಕೆ 11 ದಿನ, 481. ಒಟ್ಟು ಬಡ್ಡಿ 2,552, ಅದರ ಮೇಲೆ ಶೇ 18 ಜಿಎಸ್‌ಟಿ 459. ಕಾರ್ಡಿನ ಬಡ್ಡಿಗೆ ಜಿಎಸ್‌ಟಿ ಇದೆ, ಮಾಮೂಲಿ ಸಾಲದ ಬಡ್ಡಿಗೆ ಇಲ್ಲ. ಇದನ್ನು ತುಂಬಾ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಡ್ಡಿ, ತೆರಿಗೆ ಸೇರಿ 3,011 ಚಿಲ್ಲರೆ. ಕಟ್ಟಿದ್ದು 2,000. ಹಾಗಾಗಿ ಬಿಲ್ಲು ಏರಿತು.

ಮುಂದಿನ ಮಿನಿಮಮ್ಮೂ 2,000ವೇ ಇರುತ್ತದೆ ಅಂದುಕೊಳ್ಳಬೇಡಿ. ಮಿನಿಮಮ್ ಕಟ್ಟಿದರೂ ಸಾಲ ಬೆಳೆಯುತ್ತ ಹೋಗುವಂತೆ ಇರಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಬಡ್ಡಿ, ತೆರಿಗೆ ಪೂರ್ತಿ, ಅದರ ಜೊತೆ ಅಸಲು 38,000ದ ಶೇ 5 (1,900) ಕೇಳುವ ಬ್ಯಾಂಕಾದರೆ ಈ ಸಲ ನಿಮಗೆ 4,912 ಬರುತ್ತದೆ.

ಬಂದರು ರಸ್ತೆ, ಕಾರವಾರ:
ಅಡಿಕೆ ಮಾರುವವರೆಗೆ ಇದನ್ನು ಎಳೆಯಬೇಡಿ ಮಾರಾಯ್ರೆ. ಮಿನಿಮಮ್ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಬಾಕಿದಾರ ಅಂತ ಬರುವುದಿಲ್ಲ. ಅದರಿಂದಾಗುವ ಉಪಕಾರ ಅಷ್ಟೇ. 38,000ಕ್ಕೆ ತಿಂಗಳ ಬಡ್ಡಿ, ತೆರಿಗೆ ಸೇರಿ 1,569. ಅದೇ ಮೊತ್ತವನ್ನು ಚಿನ್ನ ಇಟ್ಟು ವರ್ಷಕ್ಕೆ ಶೇ 12ರಲ್ಲಿ ತಂದರೂ ತಿಂಗಳಿಗೆ 380. ಊರಿನ ಸೊಸೈಟಿಯಲ್ಲಿ ಎಷ್ಟು ದರ ಅಂತ ಮೊದಲು ಕೇಳಿ. ಎರಡೂ ಆಗದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಇಎಂಐ ಮಾಡಿಸಿ. ಪ್ರೊಸೆಸಿಂಗ್ ಫೀ ಎಷ್ಟು, ಅಡಿಕೆ ದುಡ್ಡು ಬಂದಾಗ ಒಮ್ಮೆಲೇ ಮುಗಿಸಿದರೆ ದಂಡ ಎಷ್ಟು, ಇವೆರಡನ್ನೂ ಮೊದಲೇ ಕೇಳಿಕೊಳ್ಳಬೇಕು. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದು ಕಟ್ಟುವ ಯೋಚನೆ ಬೇಡವೇ ಬೇಡ. ಅದಕ್ಕೆ ಶುಲ್ಕ ಬೇರೆ, ಬಡ್ಡಿಯೂ ಅದೇ ದಿನದಿಂದ.

ತೋಟದಮನೆ, ಶಿರಸಿ:
ಸೊಸೈಟಿ ಸಾಲಕ್ಕೆ ಹತ್ತು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ಕಾರ್ಡು ಬಳಸಬಹುದಾ? ಕೈಯಲ್ಲಿ 8,000 ಇದೆ.

ಲೆಕ್ಕದ ಪುಸ್ತಕ, ಕುಮಟಾ:
ಆ 8,000 ಇವತ್ತೇ ಕಟ್ಟಿ, ಕೊನೇ ದಿನ ಕಾಯಬೇಡಿ. ಬಡ್ಡಿ ದಿನದ ಲೆಕ್ಕ, ಕಟ್ಟಿದ ದಿನದಿಂದಲೇ ಇಳಿಯುತ್ತದೆ. ಕಾರ್ಡು ಮಾತ್ರ ಮುಟ್ಟಬೇಡಿ. ಹಳೇ ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ. ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡು ಜೋಡಿಸಿದ್ದರೆ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ಯಾವ ಖಾತೆ ಆಯ್ಕೆಯಾಗಿದೆ ನೋಡಿ, ಇನ್ನೂರು ರೂಪಾಯಿ ಮೀನೂ ಇದೇ ಲೆಕ್ಕಕ್ಕೆ ಬೀಳುತ್ತದೆ.

ಇನ್ನೊಂದು. ಬಿಲ್ಲಿನಲ್ಲಿರುವಷ್ಟನ್ನೂ ಕಟ್ಟಿದ ಮೇಲೆ ಮುಂದಿನ ತಿಂಗಳು ಸಣ್ಣದೊಂದು ಬಡ್ಡಿ ಮತ್ತೆ ಬರುತ್ತದೆ. ಅದು ಬಿಲ್ಲಿನ ದಿನದಿಂದ ನೀವು ಕಟ್ಟಿದ ದಿನದವರೆಗಿನದು. ಸಾಲ ಮುಗಿಯಿತೆಂದು ಬಿಲ್ಲು ನೋಡದೆ ಬಿಟ್ಟರೆ ಆ ಚಿಲ್ಲರೆಗೇ ಲೇಟ್ ಫೀ ಬೀಳಬಹುದು. ಸೊಸೈಟಿ ದುಡ್ಡು ಕೈಗೆ ಬಂದ ದಿನ ಕಸ್ಟಮರ್ ಕೇರ್‌ಗೆ ಕರೆ ಮಾಡಿ, "ಇವತ್ತಿನವರೆಗೆ ಬಡ್ಡಿ ಸೇರಿ ಎಷ್ಟು" ಅಂತ ಕೇಳಿ ಅಷ್ಟನ್ನು ಕಟ್ಟಿ. ಆಮೇಲೂ ಎರಡು ಬಿಲ್ಲು ಸೊನ್ನೆ ಬರುವವರೆಗೆ ನೋಡುತ್ತಿರಿ.